ನೀರು ಕುಡಿದ ಗೋಡೆ

"ಇದು ಸಿಮೆಂಟಲ್ಲ ಅಪ್ಪ! ಸೆಣಬಿನ ಕಡ್ಡಿ, ಸುಣ್ಣ ಕಲಸಿದ ಗೋಡೆ. ನೀರು ಹೊಡೀಬೇಡ, ಒಣಗೂಕೆ ಬಿಡು ಅಂದಿದ್ನಲ್ಲ!" ಹೇಮಾ ಅಪ್ಪನ ಕೈಯಿಂದ ಪೈಪು ಕಿತ್ತೆಸೆದಳು.

"ಮೂವತ್ತು ವರ್ಷದಿಂದ ಗೋಡೆ ಕಟ್ತಾ ಇದ್ದೆ," ಮಾಸ್ತಪ್ಪ ಮೇಸ್ತ್ರಿ ಗುಡುಗಿದ. "ನೀರು ಕಾಣದ ಗೋಡೆ ನಿಲ್ತದಾ? ನಾಲ್ಕು ದಿನ ಕಲ್ತು ಬಂದವಳಿಗೆ ಎಂತ ಗೊತ್ತು? ನೀ ಕುಮಟೆಗೆ ಹೋದ ಎಂಟು ದಿನವೂ ಎರಡು ಹೊತ್ತು ಹೊಡ್ದಿದ್ದೆ. ನೀ ಕಟ್ಟೂ ಮೊದಲ ಮನೆ ಬಿರುಕು ಬಿಡಬಾರದು ಅಂತ."

ಹೇಮಾ ಅಪ್ಪನ ಕೈ ಹಿಡಿದು ಗೋಡೆಗೆ ಒತ್ತಿದಳು. ಹಸಿ ಗೊಬ್ಬರದೊಳಗೆ ಹೋದಂತೆ ಬೆರಳು ಗೆಣ್ಣಿನವರೆಗೆ ಇಳಿಯಿತು. ಮೇಸ್ತ್ರಿ ಬೆರಳನ್ನು ಮೂಸಿದ. ಕೊಳೆತ ಹುಲ್ಲಿನ ವಾಸನೆ. ಉಳಿದ ಮೂರು ಗೋಡೆಗಳನ್ನೂ ಒಂದೊಂದಾಗಿ ಒತ್ತಿ ನೋಡಿದ. ಎಲ್ಲವೂ ಹಾಗೆಯೇ ಇದ್ದವು.

"ಎಲ್ಲಾ ಕೆಡವಬೇಕು," ಎಂದಳು ಹೇಮಾ. "ಇನ್ನು ತೆಂಗಿನಗುಂಡಿ ಊರಲ್ಲಿ ನಂಗೆ ಯಾರೂ ಕೆಲಸ ಕೊಡೂದಿಲ್ಲ."

"ಹಾಳು ಮಾಡಿದ್ದು ನಾನು ಅಂತ ಹೇಳು."

"ಮಾಸ್ತಪ್ಪ ಮೇಸ್ತ್ರಿ ಗೋಡೆ ಹಾಳು ಮಾಡ್ದ ಅಂದ್ರೆ ಈ ಊರಲ್ಲಿ ಯಾರು ನಂಬ್ತಾರೆ?"

ಮಾಸ್ತಪ್ಪ ಬರಿಗಾಲಲ್ಲೇ ಹೊರಟ. ಮನೆ ಕಟ್ಟಿಸುತ್ತಿದ್ದ ಯಜಮಾನರಿಗೆ ಹೇಳಲು ಹೋಗಿರಬೇಕೆಂದು ಹೇಮಾ ಸಂಜೆಯವರೆಗೂ ಕಾದಳು. ವಿಚಾರಿಸಿದರೆ, ಆತ ಅಲ್ಲಿಗೂ ಹೋಗಿರಲಿಲ್ಲ. ಮನೆಗೂ ಮರಳಲಿಲ್ಲ.