ಮಜ್ಜಿಗೆಯ ಮೇಲೆ ಸಾರು

ಇಪ್ಪತ್ತು ವರ್ಷಗಳ ಯುದ್ಧದಲ್ಲಿ ಕ್ಯಾಪ್ಟನ್ ವಾಗ್ದೇವಿ ಎರಡು ನಿಯಮಗಳನ್ನು ಬಿಟ್ಟಿರಲಿಲ್ಲ: ಊಟಕ್ಕೆ ಕೂತವರ ಮೇಲೆ ದಾಳಿ ಮಾಡಬಾರದು, ಶತ್ರುವಿಗೂ ಸುಳ್ಳು ಹೇಳಬಾರದು. ಹಾಗಾಗಿ ತೋಪು ಹಾರಿಸುವ ಮೊದಲು ಶನಿಗ್ರಹದವರನ್ನು ರೇಡಿಯೋದಲ್ಲಿ "ಊಟ ಆಯ್ತಾ?" ಎಂದು ವಿಚಾರಿಸುತ್ತಿದ್ದಳು. ಇಲ್ಲವೆಂದರೆ ಕಾಯುತ್ತಿದ್ದಳು. ಕಾದು ಕಾದು ಬಡ್ತಿಗಳೆಲ್ಲ ತಪ್ಪಿ, ಕೊನೆಗೆ ಅಕ್ಕಿ ಸಾಗಿಸುವ ಹಳೆಯ ನೌಕೆಯೊಂದು ಅವಳ ಪಾಲಿಗೆ ಬಂದಿತ್ತು.

ಅಂದು ಮಧ್ಯಾಹ್ನ ಅದರ ಎಂಜಿನ್ ಕೆಟ್ಟು ನಿಂತಾಗಲೇ ಶನಿಯವರ ಯುದ್ಧನೌಕೆ ಎದುರಾಯಿತು. ತೋಪುಗಳು ಇತ್ತ ತಿರುಗಿದವು. ರೇಡಿಯೋ ಕೆಮ್ಮಿತು.

"ಕ್ಯಾಪ್ಟನ್ನಮ್ಮಾ, ಊಟ ಆಯ್ತಾ?"

ಎಲ್ಲರೂ ಮಜ್ಜಿಗೆ ಅನ್ನ ಉಣ್ಣುತ್ತಿದ್ದರು. ಕೊನೆಯ ತುತ್ತು ಉಳಿದಿತ್ತು.

"ಈಗಷ್ಟೇ ಶುರು ಅಂದ್ಬಿಡಿ ಮೇಡಂ," ಎಂದು ಎಂಜಿನಿಯರ್ ಚನ್ನವೀರ ಅಂಗಲಾಚಿದ. "ರಿಪೇರಿಗೆ ಒಂದು ಗಂಟೆ ಬೇಕು."

"ಸುಳ್ಳು ಹೇಳಲ್ಲ ಕಣಯ್ಯಾ. ಊಟಾನೇ ಮುಗಿಸೋದು ಬೇಡ. ರುಕ್ಮಾಂಗದ, ಇನ್ನೊಂದು ಸುತ್ತು ಸಾರು ಬಡಿಸು."

ಅಡುಗೆಯ ರುಕ್ಮಾಂಗದ ಬೆಚ್ಚಿದ. "ಮಜ್ಜಿಗೆ ಮೇಲೆ ಸಾರಾ? ಪ್ರಾಣ ಹೋದ್ರೂ ಹಾಗೆ ಬಡಿಸಲ್ಲ!"

"ಪ್ರಾಣ ಉಳಿಯೋಕೆ ಬಡಿಸಪ್ಪಾ," ಎಂದವಳೇ ರೇಡಿಯೋ ಕಡೆ ತಿರುಗಿ, "ಊಟ ಇನ್ನೂ ನಡೀತಿದೆ," ಎಂದಳು.

ಚನ್ನವೀರ ಎಂಜಿನ್ ಕೋಣೆಗೆ ಓಡಿದ. ಉಳಿದವರು ಮುಖ ಹುಳ್ಳಗೆ ಮಾಡಿಕೊಂಡು ಉಂಡರು. ಒಂದು ಗಂಟೆ ಕಳೆದ ಮೇಲೆ ಎಂಜಿನ್ ಗುಡುಗಿತು.

ರೇಡಿಯೋ ಮತ್ತೆ ಕೆಮ್ಮಿತು. "ನಿಮ್ಮ ರೇಡಿಯೋ ಆಫ್ ಮಾಡೋದು ಮರೆತಿದ್ರಿ ಕ್ಯಾಪ್ಟನ್ನಮ್ಮಾ. ಎಲ್ಲಾ ಕೇಳಿಸ್ತು. ಮಜ್ಜಿಗೆ ಮೇಲೆ ಸಾರು ಅಂದಿದ್ದಕ್ಕೆ ನಮ್ಮ ಅಡುಗೆಯವನೂ ಬೈತಿದಾನೆ. ನಾವೀಗ ಊಟಕ್ಕೆ ಕೂರ್ತೀವಿ. ನೀವು ಹೋಗಿ ಬನ್ನಿ."