ಹಿಲ್ಮಾ ತಂದ ನಿಯಮ

"ಹಿಡ್ಕೊ," ಎಂದು ಹಿಲ್ಮಾ ಸಲಿಕೆಯನ್ನು ಆರ್ವಿಡ್‌ನ ಎದೆಯ ಮುಂದೆ ಚಾಚಿದಳು. ನಸುಕಿನಲ್ಲಿ ಅವಳು ಯಂತ್ರ ಓಡಿಸಿ ಹಿಮದಲ್ಲಿ ಕೊರೆದಿದ್ದ ಸ್ಕೀ ಜಾಡಿನ ಉದ್ದಕ್ಕೂ ನಾಯಿ ಹೆಜ್ಜೆಯ ಗುಳಿಗಳು. ಮಧ್ಯಾಹ್ನದವರೆಗೆ ಜಾಡಿಗೆ ನಾಯಿ ಬರಕೂಡದು. ಬಂದರೆ ಸಾಕಿದವರೇ ಗುಳಿ ಮುಚ್ಚಬೇಕು, ಅವರ ಹೆಸರು ಊರಿನ ಸ್ಕೀ ಸಂಘದ ಬೋರ್ಡಿನ ಮೇಲೆ ಬೀಳಬೇಕು. ಜಗಳವಾಡಿ ಈ ನಿಯಮ ತಂದವಳೇ ಹಿಲ್ಮಾ.

"ನನ್ ನಾಯಿ ಕಾರಲ್ಲಿ ಮಲಗಿದೆ ಮಾರಾಯ್ತಿ," ಎಂದ ಆರ್ವಿಡ್.

"ಇಪ್ಪತ್ತು ವರ್ಷದಿಂದ ಈ ಜಾಡು ಮಾಡ್ತಿದೀನಿ. ಹೆಜ್ಜೆ ನೋಡಿದ್ರೆ ಸಾಕು, ಯಾರ ಮನೆ ನಾಯಿ ಅಂತ ಹೇಳ್ತೀನಿ."

"ಹಂಗಾದ್ರೆ ಹೇಳು ನೋಡೋಣ." ಅವನು ಸ್ಕೀ ಕೋಲಿನ ತುದಿಯಿಂದ ಗುಳಿಗಳನ್ನು ತೋರಿಸುತ್ತ ಹೋದ. ಮುಂಗಾಲಿನವು ಎರಡು, ಹಿಂಗಾಲಿನದು ಒಂದು. ಮತ್ತೆ ಎರಡು, ಮತ್ತೆ ಒಂದೇ.

ಹಿಲ್ಮಾ ಬಗ್ಗಿ ನೋಡಿದಳು. ಊರಿನಲ್ಲಿ ಮೂರು ಕಾಲಿನ ನಾಯಿ ಇದ್ದದ್ದು ಒಂದೇ. ಅದು ಮಲಗುತ್ತಿದ್ದದ್ದು ಅವಳ ಒಲೆಯ ಪಕ್ಕದಲ್ಲಿ. ಬೆಳಿಗ್ಗೆ ಹಿತ್ತಲ ಬಾಗಿಲಿನ ಚಿಲಕ ಹಾಕಿದ್ದು ಅವಳಿಗೆ ನೆನಪಾಗಲಿಲ್ಲ.

"ಹೋಗ್ಲಿ ಬಿಡು, ಇಬ್ರೂ ಸೇರಿ ಮುಚ್ಚಿಬಿಡೋಣ," ಎಂದು ಆರ್ವಿಡ್ ಸಲಿಕೆಗೆ ಕೈ ಹಾಕಿದ. "ನಾನು ಯಾರಿಗೂ ಹೇಳಲ್ಲ."

"ಯಾಕೆ ಹೇಳಲ್ಲ?" ಹಿಲ್ಮಾ ಸಲಿಕೆಯನ್ನು ಕಿತ್ತುಕೊಂಡು ಮೊದಲ ಗುಳಿಗೆ ಹಿಮ ಸುರಿದಳು. "ಹೋಗಿ ಬೋರ್ಡಲ್ಲಿ ನನ್ ಹೆಸರು ಬರಿ. ದೂರದಿಂದ್ಲೂ ಕಾಣೋ ಹಂಗೆ ಬರಿ."