ಭೇಟಿ ಕೋಣೆಯ ಗಡಿಯಾರ

ಗೋಡೆ ಗಡಿಯಾರದಲ್ಲಿ ಐದು ಗಂಟೆ. ಸಮಾಲೋಚಕಿಯ ಕೈಗಡಿಯಾರದಲ್ಲಿ ಐದಕ್ಕೆ ಇನ್ನೂ ಹತ್ತು ನಿಮಿಷ. ಸತತ ಮೂರನೆಯ ಶನಿವಾರ ಹೀಗಾಗುತ್ತಿತ್ತು. ಪ್ರತಿ ಸೋಮವಾರ ಜವಾನ ಸರಿಮಾಡುತ್ತಿದ್ದ. ಶನಿವಾರ ಬಂತೆಂದರೆ ಅದು ಮತ್ತೆ ಮುಂದೋಡುತ್ತಿತ್ತು.

ಅವಳು ಪಕ್ಕದ ಕೋಣೆಯಿಂದ ಎದ್ದು ಬರುವಷ್ಟರಲ್ಲಿ ಹುಡುಗಿ ಚೀಲ ಬೆನ್ನಿಗೇರಿಸಿಕೊಂಡು ಹೊರಟಾಗಿತ್ತು. ವಯಸ್ಸು ಏಳು, ಗಂಟೆ ನೋಡುವುದನ್ನು ಚೆನ್ನಾಗಿ ಕಲಿತಿದ್ದಳು. ಅಪ್ಪ ತಂದಿದ್ದ ಬಣ್ಣದ ಪೆನ್ಸಿಲಿನ ಡಬ್ಬಿ ಮೇಜಿನ ಮೇಲೆ ಬಿಚ್ಚದೆ ಬಿದ್ದಿತ್ತು.

ಸಮಾಲೋಚಕಿಗೆ ಸಾಕಾಗಿಹೋಗಿತ್ತು. ಕೌಟುಂಬಿಕ ನ್ಯಾಯಾಲಯದಲ್ಲಿ ಹದಿನಾರು ವರ್ಷ. ಬೇರೆಯಾದ ಗಂಡ ಹೆಂಡಿರು ಚಾಕೊಲೇಟಿಗೆ, ಚಪ್ಪಲಿಗೆ, ಮಗುವಿನ ಕೂದಲು ಕತ್ತರಿಸಿದ್ದಕ್ಕೆ ಕಿತ್ತಾಡುವುದನ್ನು ಕಂಡಿದ್ದಳು. ಈಗ ನಿಮಿಷ ಕದಿಯುವವರೆಗೂ ಬಂತೇ? ಅದೂ ವಾರಕ್ಕೆ ಒಂದೇ ಗಂಟೆ ಸಿಗುವ ಅಪ್ಪನಿಂದ! ಮಗು ಯಾರ ಬಳಿ ಇರಬೇಕೆಂಬ ತೀರ್ಪು ಮುಂದಿನ ತಿಂಗಳೇ ಇತ್ತು. ಇದನ್ನು ವರದಿ ಮಾಡಿದರೆ ತಾಯಿಯ ಕಥೆ ಮುಗಿದಂತೆ.

ತಾಯಿ ಆಸ್ಪತ್ರೆಯ ನರ್ಸು. ಸಮವಸ್ತ್ರದಲ್ಲೇ ಬಂದು ಹೊರಗಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದವಳು ಮಗಳ ಕೈಹಿಡಿದು ಎದ್ದಳು.

"ಗಡಿಯಾರ ಮುಟ್ಟಿದ್ದೀರಾ?" ಸಮಾಲೋಚಕಿ ಹೊರಗೆ ಬಂದು ಕೇಳಿದಳು.

"ನಾನಾ? ಡ್ಯೂಟಿ ಮುಗಿಸ್ಕೊಂಡು ಇಲ್ಲಿ ಒಂದು ಗಂಟೆ ಕಣ್ಣು ಮುಚ್ಚೋದೇ ನನಗೆ ವಾರದ ರಜೆ ಮೇಡಂ. ಅದನ್ನೂ ನಾನೇ ಕಡಿಮೆ ಮಾಡ್ಕೊಳ್ತೀನಾ?"

ಇಂಥ ಸಬೂಬುಗಳನ್ನು ಸಮಾಲೋಚಕಿ ಬೇಕಾದಷ್ಟು ಕೇಳಿದ್ದಳು. ತಿರುಗಿ ಒಳಗೆ ಬಂದಳು.

ಅಪ್ಪ ಪೆನ್ಸಿಲಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಗಡಿಯಾರ ರಿಪೇರಿ ಮಾಡುವವನು. ಮಸೂರ ಒತ್ತಿ ಒತ್ತಿ ಬಲಗಣ್ಣಿನ ಸುತ್ತ ಗುಂಡಗೆ ಗುರುತು ಬಿದ್ದಿತ್ತು. ಪ್ರತಿ ವಾರ ಅರ್ಧ ಗಂಟೆ ಮೊದಲೇ ಬಂದು ಈ ಕೋಣೆಯಲ್ಲಿ ಒಬ್ಬನೇ ಕಾಯುತ್ತಿದ್ದ. ಪಾಪದವನು, ಬಾಯಿಸತ್ತವನು.

"ನಿಮ್ಮ ಟೈಮು ಯಾರೋ ಹೊಡೀತಿದ್ದಾರೆ. ಗಡಿಯಾರದ ಕೆಲಸ ಮಾಡೋರಾಗಿ ನಿಮಗೆ ಗೊತ್ತಾಗ್ಲಿಲ್ವಾ?"

ಅವನು ಡಬ್ಬಿಯನ್ನು ಚೀಲದೊಳಗೆ ಇನ್ನಷ್ಟು ತಳ್ಳಿದ.

"ಮೂರು ವಾರದ್ದೂ ಸೇರಿಸಿ ಮುಂದಿನ ಸಲ ಅರ್ಧ ಗಂಟೆ ಜಾಸ್ತಿ ಕೊಡಿಸ್ತೀನಿ. ಆಯಮ್ಮನ ಮೇಲೆ ಇವತ್ತೇ ವರದಿ ಬರೀತೀನಿ. ಮಗು ನಿಮ್ಮ ಕಡೆಗೇ ಬಂದ್ರೂ ಬರಬಹುದು."

"ಬೇಡ ಮೇಡಂ." ಅವನು ಚೀಲ ಕೆಳಗಿಟ್ಟ. "ಬರೀಬೇಡಿ. ಅರ್ಧ ಗಂಟೆನೂ ಬೇಡ."

"ಯಾಕ್ರೀ? ಆಯಮ್ಮನ್ನ ಉಳಿಸೋ ದರ್ದು ನಿಮಗೇನು?"

ಅವನು ಖಾಲಿ ಕುರ್ಚಿಯನ್ನೇ ನೋಡುತ್ತ ನಿಂತ.

"ಮಗಳು ಬಂದಾಗಿಂದ ಆ ಮುಳ್ಳನ್ನೇ ನೋಡ್ತಾ ಕೂತಿರ್ತಾಳೆ ಮೇಡಂ, ಯಾವಾಗ ಐದಾಗುತ್ತೋ ಅಂತ, ಅದಕ್ಕೇ ನಾನೇ ಮೊದಲು ಬಂದು ಒಂದು ಹತ್ತು ನಿಮಿಷ ಮುಂದೆ ತಿರುಗಿಸಿಡ್ತೀನಿ."